ಎಣ್ಣೆಯ ಹಣೆಬರಹ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳಿಂದ)

ನನ್ನ ಊರು ನುಗ್ಗೇಹಳ್ಳಿ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರನ್ನು ಹೊರಗಿನವರು ಅರಿತಿರುವುದು ಲಕ್ಷ್ಮೀನರಸಿಂಹ ದೇವಾಲಯದಿಂದ. ಕ್ರಿ.ಶ. 1246ರಲ್ಲಿ ಹೊಯ್ಸಳ ದೊರೆ ವೀರಸೋಮೇಶ್ವರನ ದಂಡನಾಯಕನಾಗಿದ್ದ ಬೊಮ್ಮಣ್ಣನು ಅದನ್ನು ಕಟ್ಟಿಸಿದನು. ಅದರ ಹೊರಗೋಡೆಯ ವಿಗ್ರಹಗಳ ಕೆಳಗೆ ಅವುಗಳನ್ನು ಕಡೆದವರ ಹೆಸರುಗಳನ್ನು ಕಾಣಬಹುದು. ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಯಾವುದು ಯಾರ ಕೈಕೆಲಸ ಎಂಬುದಕ್ಕೆ ಏಳು ನೂರಕ್ಕೂ ಹೆಚ್ಚು ವರ್ಷಗಳಿಂದ ಕಲ್ಲೇ ಸಾಕ್ಷಿ ಹೇಳುತ್ತಿದೆ. ಚರಿತ್ರೆಯ ಅಧ್ಯಾಪಕರು ಇದನ್ನು ತರಗತಿಯಲ್ಲಿ ವಿವರಿಸಿದಾಗ ನಮ್ಮೂರಿನ ಮಾತೆಂದು ನನಗೆ ಹೆಮ್ಮೆಯಾಗಿತ್ತು. ಆದರೆ ಅದೇ ದೇವಾಲಯದ ಬೀದಿಗೆ ಸಮೀಪದ ಅಂಗಡಿಯಲ್ಲಿ, ಅಡಿಗೆಯ ಎಣ್ಣೆಯ ಪ್ಯಾಕೆಟ್ಟೊಂದನ್ನು ತಿರುಗಿಸಿ ಓದಿದ ದಿನ, ಹೆಸರು ಬರೆಯುವುದರಲ್ಲಿಯೂ ಎಷ್ಟು ಬಗೆಗಳಿವೆ ಎಂಬುದು ನನಗೆ ಮನವರಿಕೆಯಾಯಿತು. ಓದುಗರು ಗಾಬರಿಯಾಗಬೇಕಾಗಿಲ್ಲ, ಈ ಲೇಖನ ಶಿಲ್ಪವನ್ನು ಕುರಿತದ್ದಲ್ಲ, ಎಣ್ಣೆಯನ್ನು ಕುರಿತದ್ದು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಮೂರನೆಯ ತರಗತಿಯವರೆಗೆ ಓದಿದ್ದಾರೆ. ಅವ್ವನಿಗೆ ಓದು ಬರುವುದಿಲ್ಲ. ಆದರೆ ಡೈರಿಗೆ ಹಾಕಿದ ಹಾಲಿನ ಲೆಕ್ಕದಲ್ಲಿ ಅವಳನ್ನು ಯಾರೂ ಮೋಸಗೊಳಿಸಲಾರರು. ಕಳೆದ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ಹಬ್ಬ ಬಂದಿತು. ನಮ್ಮ ಅಜ್ಜಿ ತೀರಿಕೊಂಡ ಮೇಲೆ ಅದು ಮೊದಲನೆಯ ಎಡೆ. ಅಜ್ಜಿಗೆ ಕಡಲೆಕಾಯಿ ಎಣ್ಣೆಯಲ್ಲಿ ಕರಿದ ಕಜ್ಜಾಯವೆಂದರೆ ಪ್ರಾಣ. ಆದುದರಿಂದ ಅವ್ವ ಹಾಲಿನ ದುಡ್ಡಿನಲ್ಲಿ ಸ್ವಲ್ಪ ಎತ್ತಿಟ್ಟು, ಎಂದಿನ ಎಣ್ಣೆಗಿಂತ ಹೆಚ್ಚು ಬೆಲೆಯ ಎರಡು ಪ್ಯಾಕೆಟ್ಟುಗಳನ್ನು ತಂದಳು.

"ಕಡ್ಲೆಕಾಯಿ ಎಣ್ಣೆ ತಂದಿವ್ನಿ ಕಣವ್ವ. ನಿಮ್ಮಜ್ಜಿಗೆ ಬ್ಯಾರೆ ಎಣ್ಣೆ ಸೇರ್ತಿರ್ಲಿಲ್ಲ" ಎಂದಳು.

ಪ್ಯಾಕೆಟ್ಟಿನ ಮುಂಭಾಗದಲ್ಲಿ ಒಡೆದ ಕಡಲೆಕಾಯಿಗಳ ದೊಡ್ಡ ಚಿತ್ರವಿತ್ತು. ಅದರ ಮೇಲೆ ಕನ್ನಡದಲ್ಲಿ ಕಂಪೆನಿಯ ಹೆಸರು ದಪ್ಪಕ್ಷರಗಳಲ್ಲಿತ್ತು. ನಾನು ಸುಮ್ಮನೆ, ಓದುವ ಚಟದಿಂದ, ಅದನ್ನು ತಿರುಗಿಸಿದೆ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ 'ಮಲ್ಟಿ ಸೋರ್ಸ್ ಎಡಿಬಲ್ ಆಯಿಲ್' ಎಂದೂ, ಅದರ ಕೆಳಗೆ ರಿಫೈಂಡ್ ಪಾಮೋಲಿನ್ ಶೇಕಡ 80, ಕಡಲೆಕಾಯಿ ಎಣ್ಣೆ ಶೇಕಡ 20 ಎಂದೂ ಬರೆದಿತ್ತು. ಒಲೆಯ ಮೇಲೆ ಬಾಣಲೆ ಕಾದಿತ್ತು. ಹಬ್ಬದ ದಿನ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಎಡೆ ಇಟ್ಟು, ಎಲ್ಲರೂ ಉಂಡು, ಎರಡು ದಿನ ಕಳೆದ ಮೇಲೆ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಪ್ಯಾಕೆಟ್ಟನ್ನೇ ನೋಡುತ್ತಿದ್ದು, "ನಿಮ್ಮಜ್ಜಿಗೂ ಇಂಗ್ಲಿಷ್ ಓದಕ್ಕೆ ಬತ್ತಿರ್ಲಿಲ್ಲ ಬುಡು" ಎಂದಳು. ನಾನು ನಕ್ಕೆ, ಆದರೆ ಅವಳು ನಗಲಿಲ್ಲ.

ಅಂಗಡಿಯವರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಏನವ್ವಾ, ಎಣ್ಣೆ ನಾನು ಮಾಡ್ತೀನಾ? ಗಾಡಿಯೋರು ಕಡ್ಲೆಕಾಯಿ ಎಣ್ಣೆ ಅಂತ ಇಳಿಸ್ತಾರೆ, ನಾನೂ ಹಂಗೇ ಅಂತೀನಿ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲವೆಂದೇ ನನ್ನ ಭಾವನೆ. ಹಾಗಾದರೆ ಸುಳ್ಳು ಹೇಳಿದವರು ಯಾರು? ಪ್ಯಾಕೆಟ್ಟೂ ಸುಳ್ಳು ಹೇಳಿರಲಿಲ್ಲ. ಎಲ್ಲವನ್ನೂ ಬರೆದುಕೊಂಡೇ ಇತ್ತು. ಯಾರೂ ಸುಳ್ಳು ಹೇಳದೆ ಒಬ್ಬಳು ಮೋಸಹೋದಳು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕೆಂಬ ಹಟದಿಂದ, ಪರೀಕ್ಷೆಯ ಓದಿನ ನಡುವೆಯೂ, ಈ ವಿಷಯವನ್ನು ಕೆದಕತೊಡಗಿದೆ.

ಮೊದಲು ಶಬ್ದದಿಂದಲೇ ಆರಂಭಿಸೋಣ. 'ಎಣ್ಣೆ' ಎಂಬ ಮಾತು 'ಎಳ್' ಮತ್ತು 'ನೆಯ್' ಸೇರಿ ಆದದ್ದೆಂದು ಭಾಷಾಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ಅಂದರೆ ಎಳ್ಳಿನ ನೆಯ್. ಮೂಲದಲ್ಲಿ ಎಣ್ಣೆಯೆಂದರೆ ಎಳ್ಳಿನದೇ. ಕ್ರಮೇಣ ಆ ಹೆಸರು ಎಲ್ಲ ಬೀಜದ ರಸಕ್ಕೂ ಹಬ್ಬಿ, ಕಡೆಗೆ ಎಳ್ಳಿನದನ್ನೇ 'ಎಳ್ಳೆಣ್ಣೆ' ಎಂದು ಬೇರೆಯಾಗಿ ಹೇಳಬೇಕಾಯಿತು. ನಮ್ಮ ಕಡೆ ಅದನ್ನು 'ಒಳ್ಳೆಣ್ಣೆ' ಎನ್ನುವುದೂ ಉಂಟು. ಹೀಗೆ ಹೆಸರು ಸಡಿಲವಾಗುವುದು ಎಣ್ಣೆಗೆ ಹೊಸತಲ್ಲ. ಆದರೆ ಹಿಂದೆ ಹೆಸರು ಸಡಿಲವಾಗಿದ್ದರೂ ಎಣ್ಣೆ ಗಟ್ಟಿಯಾಗಿತ್ತು. ಹುಚ್ಚೆಳ್ಳೆಣ್ಣೆಯ ಘಾಟು, ಕಡಲೆಕಾಯಿ ಎಣ್ಣೆಯ ಹುರಿದ ವಾಸನೆ, ಹರಳೆಣ್ಣೆಯ ಅಂಟು, ಹೊಂಗೆ ಎಣ್ಣೆಯ ಕಹಿ ಇವುಗಳನ್ನು ಕಣ್ಣು ಮುಚ್ಚಿಕೊಂಡೂ ಹೇಳಬಹುದಾಗಿತ್ತು. ಗಾಣದ ಬಾಯಿಂದ ಮಡಕೆಗೆ ಇಳಿಯುತ್ತಿದ್ದಾಗ ಕೊಳ್ಳುವವಳು ಎದುರಿಗೇ ನಿಂತಿರುತ್ತಿದ್ದಳು. ಮೂಗೇ ಓದಿಕೊಳ್ಳುತ್ತಿದ್ದುದರಿಂದ ಹಣೆಪಟ್ಟಿಯ ಅಗತ್ಯವೇ ಇರಲಿಲ್ಲ.

ಈ ವಾಸನೆಯನ್ನು ತೆಗೆದುಹಾಕಿದ್ದೇ ದೊಡ್ಡ ಬದಲಾವಣೆ. ಕಾರ್ಖಾನೆಯಲ್ಲಿ ರಿಫೈನ್ ಮಾಡುವುದೆಂದರೆ ಎಣ್ಣೆಯಲ್ಲಿರುವ ಅಂಟನ್ನು ಮೊದಲು ತೆಗೆಯುತ್ತಾರೆ. ಕ್ಷಾರದಿಂದಲೋ ಬೇರೆ ವಿಧಾನದಿಂದಲೋ ಹುಳಿಯನ್ನು ಕಳೆಯುತ್ತಾರೆ. ಒಂದು ಬಗೆಯ ಜೇಡಿಮಣ್ಣಿನ ಮೂಲಕ ಹಾಯಿಸಿ ಬಣ್ಣವನ್ನು ಇಳಿಸುತ್ತಾರೆ. ಕೊನೆಗೆ ಗಾಳಿ ತೆಗೆದ ಪಾತ್ರೆಯಲ್ಲಿ ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸಿ ವಾಸನೆಯನ್ನು ಓಡಿಸುತ್ತಾರೆ. ಇದರಿಂದ ಎಣ್ಣೆ ಬಹುಕಾಲ ಕೆಡದೆ ನಿಲ್ಲುತ್ತದೆಂಬುದು ನಿಜ, ಕೆಲವು ಎಣ್ಣೆಗಳನ್ನು ಹೀಗೆ ಮಾಡದೆ ತಿನ್ನಲಾಗುವುದೂ ಇಲ್ಲ. ಆದರೆ ಹೀಗೆ ಹೊರಬಂದ ಸೋಯಾ, ಸೂರ್ಯಕಾಂತಿ, ತೌಡು, ತಾಳೆ ಎಲ್ಲವೂ ಒಂದೇ ತೆಳುಹಳದಿ, ಒಂದೇ ನಿರ್ಗಂಧ. ಮೂಗಿನ ಕೆಲಸ ಮುಗಿಯಿತು. ಒಳಗೇನಿದೆ ಎಂಬುದಕ್ಕೆ ಹೊರಗಿನ ಅಕ್ಷರವೊಂದೇ ಪ್ರಮಾಣವಾಯಿತು. ಅಕ್ಷರ ಬಾರದವಳಿಗೆ?

ಅವಳಿಗೆ ಚಿತ್ರವಿದೆ. ಇಲ್ಲಿಯೇ ಇರುವುದು ಸಂಗತಿಯ ಗುಟ್ಟು. ನಮ್ಮ ದೇಶದ ಕಾನೂನಿನಂತೆ ಎರಡು ಖಾದ್ಯತೈಲಗಳನ್ನು ಬೆರೆಸಿ ಮಾರಲು ಅನುಮತಿಯುಂಟು. ಬೆರೆಸಿದ ಯಾವ ಎಣ್ಣೆಯೂ ತೂಕದಲ್ಲಿ ಶೇಕಡ 20ಕ್ಕಿಂತ ಕಡಿಮೆಯಿರಕೂಡದು. ಪ್ರಮಾಣವನ್ನು ಹೊರಗೆ ನಮೂದಿಸಬೇಕು. ಅಗ್‌ಮಾರ್ಕ್ ಮುದ್ರೆ ಇರಬೇಕು. ಬಿಡಿಯಾಗಿ ಅಳೆದು ಮಾರಕೂಡದು. ಬಹುಮುಖ್ಯವಾಗಿ, ಬೆರಕೆಯನ್ನು ಅದರಲ್ಲಿರುವ ಒಂದು ಎಣ್ಣೆಯ ಹೆಸರಿನಿಂದ ಮಾರಕೂಡದು. ಶೇಕಡ 20 ಕಡಲೆಕಾಯಿ ಎಣ್ಣೆಯಿದ್ದರೆ ಅದನ್ನು 'ಕಡಲೆಕಾಯಿ ಎಣ್ಣೆ' ಎಂದು ಬರೆಯುವಂತಿಲ್ಲ. ಅದಕ್ಕಾಗಿಯೇ ನಮ್ಮ ಪ್ಯಾಕೆಟ್ಟಿನ ಮೇಲೆ ಆ ಎರಡು ಪದಗಳು ಮುಂಭಾಗದಲ್ಲಿ ಎಲ್ಲಿಯೂ ಇರಲಿಲ್ಲ! ಪದದ ಕೆಲಸವನ್ನು ಚಿತ್ರ ಮಾಡಿತ್ತು. ಅಕ್ಷರ ಇನ್ಸ್‌ಪೆಕ್ಟರಿಗೆ, ಚಿತ್ರ ನಮ್ಮವ್ವನಿಗೆ. ಆ 20 ಎಂಬ ಅಂಕಿಯನ್ನು ಗಮನಿಸಿ. ಕಾನೂನು ಒಪ್ಪುವ ಕನಿಷ್ಠ ಪ್ರಮಾಣಕ್ಕೆ ಒಂದು ತೊಟ್ಟೂ ಹೆಚ್ಚಿಲ್ಲ.

ಈ ಬೆರಕೆಗೆ ಮೊದಲು ಇಂಗ್ಲಿಷಿನಲ್ಲಿ 'ಬ್ಲೆಂಡೆಡ್ ಎಡಿಬಲ್ ವೆಜಿಟಬಲ್ ಆಯಿಲ್' ಎಂಬ ಹೆಸರಿತ್ತು. ಈಚಿನ ವರ್ಷಗಳಲ್ಲಿ 'ಮಲ್ಟಿ ಸೋರ್ಸ್' ಎಂಬುದು ಬಂದಿದೆ. ಕನ್ನಡದಲ್ಲಿ ಬಹುಮೂಲದ ಎಣ್ಣೆ ಎನ್ನಬಹುದೇನೋ. 'ಬೆರಕೆ' ಎಂದರೆ ಅಂಗಡಿಯ ಹುಡುಗನಿಗೂ ಅರ್ಥವಾಗುತ್ತದೆ. 'ಬಹುಮೂಲ' ಎಂದರೆ ಅದೇನೋ ಹೆಚ್ಚುಗಾರಿಕೆಯಂತೆ ಕೇಳಿಸುತ್ತದೆ. ಇದು ನನ್ನ ಅಭಿಪ್ರಾಯ ಮಾತ್ರ.

ಹೆಸರಿನಿಂದ ದಾರಿತಪ್ಪಿಸುವುದು ಈಚಿನ ಕಾಲದ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. 1937ರಲ್ಲಿ ಡಾಲ್ಡಾ ಎಂಬ ಹೆಸರಿನ ವನಸ್ಪತಿ ನಮ್ಮ ದೇಶದ ಪೇಟೆಗೆ ಬಂದಿತು. ಸಸ್ಯದ ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡಿದ ಪದಾರ್ಥವದು. ನೋಡಲು ತುಪ್ಪದಂತಿದ್ದುದರಿಂದ ಜನರ ಬಾಯಲ್ಲಿ 'ವನಸ್ಪತಿ ತುಪ್ಪ'ವಾಯಿತು. ಗಾಂಧೀಜಿಯವರು ಇದನ್ನು ವಿರೋಧಿಸಿದವರಲ್ಲಿ ಪ್ರಮುಖರು. ತುಪ್ಪಕ್ಕೆ ಇದನ್ನು ಬೆರೆಸುವವರನ್ನು ಹಿಡಿಯುವುದು ಹೇಗೆ ಎಂಬುದೇ ಆಗಿನ ದೊಡ್ಡ ಚರ್ಚೆ. ಬಣ್ಣ ಹಾಕಿದರೆ ಸಾಕೆಂದು ಕೆಲವರೆಂದರು; ತಕ್ಕ ಬಣ್ಣ ದೊರೆಯಲಿಲ್ಲ. ಕಡೆಗೆ ವನಸ್ಪತಿಯಲ್ಲಿ ಶೇಕಡ 5ರಷ್ಟು ಎಳ್ಳೆಣ್ಣೆ ಇರಲೇಬೇಕೆಂದು ನಿಯಮವಾಯಿತು. ಕಾರಣ ಸ್ವಾರಸ್ಯವಾಗಿದೆ. ಎಳ್ಳೆಣ್ಣೆಯಿರುವ ಕೊಬ್ಬನ್ನು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್‌ಫ್ಯೂರಲ್ ಎಂಬ ದ್ರಾವಣದೊಡನೆ ಕುಲುಕಿದರೆ ಕೆಂಪುಬಣ್ಣ ಬರುತ್ತದೆ. ಇದಕ್ಕೆ ಬೌಡ್ವಾನ್ ಪರೀಕ್ಷೆಯೆಂದು ಹೆಸರು. ಶುದ್ಧ ತುಪ್ಪ ಕೆಂಪಾಗದು; ವನಸ್ಪತಿ ಬೆರೆತ ತುಪ್ಪ ತನ್ನ ಗುಟ್ಟನ್ನು ತಾನೇ ಹೊರಹಾಕುತ್ತದೆ. ಹೊರಗಿನ ಕಾಗದವನ್ನು ನಂಬಲಾಗದೆಂದು ಪದಾರ್ಥದ ಒಳಗೇ ಹಣೆಪಟ್ಟಿಯನ್ನು ಬೆರೆಸಿದ ಆ ಬುದ್ಧಿವಂತರಿಗೆ ನಾನು ತಲೆಬಾಗುತ್ತೇನೆ. ಎಳ್ಳಿನಿಂದ ಹೆಸರು ಪಡೆದ ಎಣ್ಣೆ, ಎಳ್ಳಿನಿಂದಲೇ ಸಾಕ್ಷಿಯನ್ನೂ ಪಡೆಯಿತು.

ಇನ್ನು, ಎಣ್ಣೆ ಪ್ಯಾಕೆಟ್ಟಿನೊಳಗೆ ಸೇರಿದುದು ಹೇಗೆ? ನಮ್ಮ ಅಜ್ಜಿಯ ಕಾಲದಲ್ಲಿ ಸೀಸೆ ಹಿಡಿದುಕೊಂಡು ಅಂಗಡಿಗೆ ಹೋಗುತ್ತಿದ್ದರು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತು, ಮೈ ಊದಿಕೊಳ್ಳುವ ರೋಗ ಹಬ್ಬಿ, 60ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಕೇಂದ್ರ ಸರ್ಕಾರ ಖಾದ್ಯತೈಲಗಳನ್ನು ಮೊಹರಾದ ಪೊಟ್ಟಣಗಳಲ್ಲಿಯೇ ಮಾರಬೇಕೆಂಬ ಆಜ್ಞೆಯನ್ನು ಹೊರಡಿಸಿತು. ಅಂದರೆ ಪ್ಯಾಕೆಟ್ಟು ಬಂದುದು ನಮ್ಮನ್ನು ಕಾಪಾಡಲೆಂದೇ. ಆ ದೃಷ್ಟಿಯಿಂದ ಅದು ಉಪಕಾರಿ, ಇದನ್ನು ಮರೆಯಕೂಡದು. ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಕೆಟ್ಟದ್ದು ಎಂಬ ಮಾತು ನಮ್ಮಲ್ಲಿ ಸುಲಭವಾಗಿ ಹೊರಡುತ್ತದೆ. ಸೀಸೆಗೆ ಸುರಿದ ಎಣ್ಣೆಯಲ್ಲಿ ಏನಿತ್ತೆಂಬುದನ್ನು ಅಳೆದವರು ಯಾರು?

ಆರೋಗ್ಯದ ಹೆಸರಿನಲ್ಲಿ ಬರೆಯುವ ಮಾತುಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. 'ಕೊಲೆಸ್ಟರಾಲ್ ಇಲ್ಲ' ಎಂಬುದು ಬಹು ಜನಪ್ರಿಯವಾದ ಘೋಷಣೆ. ಕೊಲೆಸ್ಟರಾಲ್ ಇರುವುದು ಹಾಲು, ಮೊಟ್ಟೆ, ಮಾಂಸ ಮುಂತಾದ ಪ್ರಾಣಿಜನ್ಯ ಆಹಾರದಲ್ಲಿ. ಬೀಜದ ಎಣ್ಣೆಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಇರುವುದೇ ಇಲ್ಲ. ನಮ್ಮ ತೆಂಗಿನಮರದಲ್ಲಿ ಹಾವಿನ ಮೊಟ್ಟೆ ಬಿಡುವುದಿಲ್ಲ ಎಂದು ಬೋರ್ಡು ಹಾಕಿದಂತೆ ಅದು. ಸುಳ್ಳಲ್ಲ, ಆದರೆ ಪಕ್ಕದ ತೋಟದ ಮರದಲ್ಲಿ ಬಿಡುತ್ತದೇನೋ ಎಂಬ ಅನುಮಾನವನ್ನು ಹುಟ್ಟಿಸುತ್ತದೆ. 'ಸೂಪರ್ ರಿಫೈಂಡ್', 'ಡಬಲ್ ರಿಫೈಂಡ್', 'ಅಲ್ಟ್ರಾ ರಿಫೈಂಡ್', 'ಕೊಲೆಸ್ಟರಾಲ್ ಫೈಟರ್', 'ಸೂದಿಂಗ್ ಟು ಹಾರ್ಟ್' ಮುಂತಾದ ಉತ್ಪ್ರೇಕ್ಷೆಯ ಮಾತುಗಳನ್ನು ಎಣ್ಣೆಯ ಮೇಲೆ ಬರೆಯಕೂಡದೆಂದು 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಒಂದೊಂದನ್ನೂ ಹೆಸರಿಸಿ ನಿಷೇಧಿಸಲಾಯಿತು. ಬರೆಯಕೂಡದೆಂದ ಮಾತ್ರಕ್ಕೆ ಹೃದಯದ ಚಿತ್ರ ಬಿಡಿಸಬಾರದೆಂದು ಯಾರೂ ತಿಳಿದುಕೊಂಡಂತೆ ಕಾಣುವುದಿಲ್ಲ. ಮತ್ತೆ ಅದೇ ಚಿತ್ರದ ಮಾತಿಗೆ ಬಂದೆವು.

ಇನ್ನೊಂದು ವಿನೋದವಿದೆ. 'ಶುದ್ಧ', 'ನೈಸರ್ಗಿಕ', 'ಸಾಂಪ್ರದಾಯಿಕ' ಎಂಬಂಥ ಪದಗಳು ವ್ಯಾಪಾರದ ಹೆಸರಿನಲ್ಲಿಯೇ ಸೇರಿಕೊಂಡು ಜನರನ್ನು ದಾರಿತಪ್ಪಿಸುವಂತಿದ್ದರೆ, 'ಇದು ಕೇವಲ ವ್ಯಾಪಾರದ ಹೆಸರು, ಪದಾರ್ಥದ ನಿಜಸ್ವರೂಪವನ್ನು ಸೂಚಿಸುವುದಿಲ್ಲ' ಎಂಬರ್ಥದ ಸೂಚನೆಯನ್ನೂ ಅಚ್ಚುಹಾಕಬೇಕೆಂದು 2018ರ ಜಾಹೀರಾತು ಮತ್ತು ಹಕ್ಕುಸಾಧನೆಯ ನಿಯಮಗಳು ಹೇಳುತ್ತವೆ. ಹೆಸರು ಹೇಳಿ, ಕೆಳಗೆ ನನ್ನ ಹೆಸರನ್ನು ನಂಬಬೇಡಿ ಎಂದು ಬರೆಯುವುದು! ನಮ್ಮೂರಿನ ಬೈಚೋಜನಿಗೆ ಇದನ್ನು ವಿವರಿಸಿ ಹೇಳುವುದು ಕಷ್ಟ.

ಈಗ ತೂಕದ ವಿಷಯ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗನ್ನುಂಟುಮಾಡಿತು. ನಾವು ಅಂಗಡಿಯಲ್ಲಿ 'ಒಂದು ಲೀಟರ್ ಎಣ್ಣೆ ಕೊಡಿ' ಎನ್ನುತ್ತೇವೆ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಆದರೆ ಶಾಖ ಹೆಚ್ಚಿದಂತೆ ಎಣ್ಣೆ ಹಿಗ್ಗುತ್ತದೆ, ಹಿಗ್ಗಿದ ಎಣ್ಣೆ ಒಂದು ಲೀಟರ್ ಪಾತ್ರೆಯಲ್ಲಿ ಕಡಿಮೆ ತೂಗುತ್ತದೆ. ಸೋಯಾ ಎಣ್ಣೆಯ ಒಂದು ಲೀಟರ್ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. ಕೆಲವು ತಯಾರಕರು ಪ್ಯಾಕೆಟ್ಟಿನ ಮೇಲೆ '60 ಡಿಗ್ರಿಯಲ್ಲಿ ಒಂದು ಲೀಟರ್' ಎಂಬಂತೆ ನಮೂದಿಸುತ್ತಿದ್ದರು. 60 ಡಿಗ್ರಿಯ ಶಾಖದಲ್ಲಿ ಯಾವ ಅಂಗಡಿಯಿದೆ? ಯಾವ ಅಡಿಗೆಮನೆಯಿದೆ? ಸರಿಸುಮಾರು 26 ಗ್ರಾಂ ಎಣ್ಣೆ ಹೀಗೆ ಕಾಗದದ ಮೇಲಿನ ಬಿಸಿಲಿನಲ್ಲಿ ಆವಿಯಾಗುತ್ತಿತ್ತು. ಒಂದು ಮನೆಗೆ ಇದು ಒಂದೆರಡು ಒಗ್ಗರಣೆಯ ಮಾತು. ಕೋಟಿಗಟ್ಟಲೆ ಪ್ಯಾಕೆಟ್ಟುಗಳಿಗೆ ಎಷ್ಟಾದೀತೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. 2022ರ ಆಗಸ್ಟ್ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣಾಂಶದ ಮಾತನ್ನು ಕೈಬಿಟ್ಟು ಲೀಟರಿನ ಜೊತೆಗೆ ತೂಕವನ್ನೂ ನಮೂದಿಸಬೇಕೆಂದು ಸೂಚಿಸಿ, 2023ರ ಜನವರಿ 15ರವರೆಗೆ ಕಾಲಾವಕಾಶ ಕೊಟ್ಟಿತು.

ಅಲ್ಲಿಗೆ ಮುಗಿಯಿತೆಂದುಕೊಂಡರೆ ತಪ್ಪು. ಹಿಂದೆ ಖಾದ್ಯತೈಲವನ್ನು ಇಂತಿಷ್ಟೇ ಅಳತೆಗಳಲ್ಲಿ ತುಂಬಬೇಕೆಂಬ ಪಟ್ಟಿಯಿತ್ತು. 2022ರಲ್ಲಿ ಆ ಕಟ್ಟುಪಾಡು ಹೋಯಿತು. ಈಗ ತೂಕ ಸರಿಯಾಗಿ ಬರೆದಿದ್ದರಾಯಿತು, ಎಷ್ಟು ಬೇಕಾದರೂ ತುಂಬಬಹುದು. ನಮ್ಮವ್ವ ತಂದ ಪ್ಯಾಕೆಟ್ಟಿನ ಮೇಲೆ ನಿವ್ವಳ ತೂಕ 840 ಗ್ರಾಂ ಎಂದಿತ್ತು. ಅದನ್ನು ಲೀಟರಿನ ಪ್ಯಾಕೆಟ್ಟಿನ ಪಕ್ಕದಲ್ಲಿಟ್ಟರೆ ಎತ್ತರದಲ್ಲಿ, ಅಗಲದಲ್ಲಿ ವ್ಯತ್ಯಾಸ ಕಾಣದು. 840ರಲ್ಲಿ ಶೇಕಡ 20 ಎಂದರೆ 168 ಗ್ರಾಂ. ಅಂದರೆ ಅಜ್ಜಿಗಾಗಿ ತಂದ ಒಂದು ಪ್ಯಾಕೆಟ್ಟಿನಲ್ಲಿ ಒಂದು ಕಾಫಿ ಲೋಟದಷ್ಟು ಕಡಲೆಕಾಯಿ ಎಣ್ಣೆ ಇತ್ತು, ಅಷ್ಟೆ.

ತೆಂಗಿನ ವಿಷಯವನ್ನು ಹೇಳದೆ ಹೋದರೆ ನಮ್ಮ ಸೀಮೆಯವಳಾಗಿ ನನಗೆ ಶೋಭಿಸುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಎತ್ತ ನೋಡಿದರೂ ತೆಂಗು. ಆದರೂ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ತಲೆಗೆ, ಒಲೆಗೆ ಅಲ್ಲ. ಮಂಗಳೂರಿನ ಕಡೆಯ ಸಹಪಾಠಿಯೊಬ್ಬಳು ಅದರಲ್ಲಿಯೇ ಒಗ್ಗರಣೆ ಹಾಕುತ್ತಾರೆಂದಾಗ ನಾವೆಲ್ಲ ಮುಖ ಮುಖ ನೋಡಿಕೊಂಡಿದ್ದೆವು. ಇಲ್ಲಿಯ ಉಂಡೆಕೊಬ್ಬರಿ ತಿಪಟೂರಿನ ಮಾರುಕಟ್ಟೆಯ ಮೂಲಕ ಬಹುಮಟ್ಟಿಗೆ ಉತ್ತರ ಭಾರತಕ್ಕೆ ತಿನ್ನುವ ಪದಾರ್ಥವಾಗಿ ಹೋಗುತ್ತದೆ. ತೆಂಗು ಬೆಳೆದವರು ಅದನ್ನು ಮಾರಿ, ಸಮುದ್ರದಾಚೆಯ ತಾಳೆ ಎಣ್ಣೆಯನ್ನು ಕೊಳ್ಳುತ್ತೇವೆ.

ಈ ಕೊಬ್ಬರಿ ಎಣ್ಣೆ ಆಹಾರವೋ ಕೇಶತೈಲವೋ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಸಣ್ಣ ಸೀಸೆಗಳಲ್ಲಿ ತುಂಬಿದ ಶುದ್ಧ ಕೊಬ್ಬರಿ ಎಣ್ಣೆಯನ್ನು ಜನ ತಲೆಗೆ ಹಚ್ಚುವುದರಿಂದ ಅದು ಕೇಶತೈಲವೆಂದು ತೆರಿಗೆಯ ಇಲಾಖೆ ವಾದಿಸಿತು. ಹಣೆಪಟ್ಟಿಯಲ್ಲಿ ಖಾದ್ಯವೆಂದೇ ಬರೆದಿದೆ, ಆಹಾರದ ನಿಯಮಗಳನ್ನು ಪಾಲಿಸಿದೆ, ಆದುದರಿಂದ ಆಹಾರವೆಂದು ತಯಾರಕರು ವಾದಿಸಿದರು. 2018ರಲ್ಲಿ ಇಬ್ಬರು ನ್ಯಾಯಾಧೀಶರ ಪೀಠದಲ್ಲಿ ಭಿನ್ನಾಭಿಪ್ರಾಯ ಬಂದಿತು. ಕಡೆಗೆ 2024ರ ಡಿಸೆಂಬರ್ 18ರಂದು ಮೂವರು ನ್ಯಾಯಾಧೀಶರ ಪೀಠ, ಸೀಸೆ ಸಣ್ಣದೆಂಬ ಕಾರಣಕ್ಕೇ ಅದು ಕೇಶತೈಲವಾಗದು, ಕೇಶತೈಲವೆಂದು ಹೆಸರಿಸಿ ಮಾರಿದ್ದರೆ ಮಾತ್ರ ಹಾಗೆ ಎಣಿಸಬಹುದೆಂದು ತೀರ್ಪಿತ್ತಿತು. ಆಗ ಜಿ.ಎಸ್.ಟಿ. ಖಾದ್ಯತೈಲಕ್ಕೆ ಶೇಕಡ 5, ಕೇಶತೈಲಕ್ಕೆ ಶೇಕಡ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಕೇಶತೈಲಕ್ಕೂ ಶೇಕಡ 5 ಆಗಿದೆ. ಒಂದೇ ಸೀಸೆ, ಒಂದೇ ಎಣ್ಣೆ, ಹಣೆಯ ಮೇಲಿನ ಒಂದು ಪದದಿಂದ ಹದಿಮೂರು ಪಾಲಿನ ವ್ಯತ್ಯಾಸ. ದೊಡ್ಡವರ ಜಗಳದಲ್ಲಿ ಒಂದು ಪದಕ್ಕೆ ಇಷ್ಟು ಬೆಲೆಯಿದ್ದರೆ, ಅವ್ವನ ಪ್ಯಾಕೆಟ್ಟಿನ ಪದಕ್ಕೂ ಬೆಲೆ ಇರಲೇಬೇಕಷ್ಟೆ?

ದೀಪದ ಎಣ್ಣೆಯ ಸಂಗತಿ ಇದಕ್ಕಿಂತ ಗಂಭೀರವಾದುದು. ದೇವರ ಚಿತ್ರವಿರುವ, ಎಳ್ಳೆಣ್ಣೆಯ ಬಣ್ಣದ ಸೀಸೆಗಳು ಅಡಿಗೆಯ ಎಣ್ಣೆಯ ಸಾಲಿನಲ್ಲಿಯೇ ನಿಂತಿರುತ್ತವೆ, ಬೆಲೆಯೂ ಕಡಿಮೆ. ದೀಪ ಹಚ್ಚಲು ಮಾತ್ರ, ತಿನ್ನಲು ತಕ್ಕುದಲ್ಲ ಎಂಬ ಸೂಚನೆ ಬುಡದಲ್ಲಿ ಇಂಗ್ಲಿಷಿನಲ್ಲಿರುತ್ತದೆ. ದೇವರಿಗೆ ಸಲ್ಲುವುದು ನಮಗೆ ಸಲ್ಲದೆ ಎಂದು ಉಪ್ಪಿನಕಾಯಿಗೆ ಅದನ್ನೇ ಸುರಿದ ಮನೆಯೊಂದನ್ನು ನಾನು ಬಲ್ಲೆ. ಅವರ ಭಕ್ತಿಯಲ್ಲಿ ತಪ್ಪಿಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಗಾಣದ ಎಣ್ಣೆಯನ್ನು ಬಿಟ್ಟುಕೊಟ್ಟ ದಾನಗಳು ಮತ್ತೆ ಮತ್ತೆ ಬರುತ್ತವೆ. ದೇವರ ಎಣ್ಣೆ ಬೇರೆ, ಮನುಷ್ಯರ ಎಣ್ಣೆ ಬೇರೆ ಎಂಬ ಭೇದ ನಮ್ಮ ಜನರ ಮನಸ್ಸಿಗೆ ಇನ್ನೂ ಹತ್ತಿಲ್ಲ.

ಇಷ್ಟೆಲ್ಲದರಲ್ಲಿ ನನಗೆ ಮೂಲವೆಂದು ತೋರುವುದು ಭಾಷೆಯ ಪ್ರಶ್ನೆ. ಆಹಾರದ ಪೊಟ್ಟಣದ ಮೇಲಿನ ವಿವರಗಳು ಇಂಗ್ಲಿಷಿನಲ್ಲಿಯೋ ದೇವನಾಗರಿಯ ಹಿಂದಿಯಲ್ಲಿಯೋ ಇರಬೇಕೆಂದು ಕೇಂದ್ರದ ನಿಯಮ. ಬೇರೆ ಭಾಷೆಗಳನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಬಲವಂತವೂ ಇಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ಕರ್ನಾಟಕದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ವಸ್ತುಗಳ ಮೇಲೆ ಹೆಸರನ್ನೂ ಬಳಸುವ ಕ್ರಮವನ್ನೂ ಕನ್ನಡದಲ್ಲಿ ಸಹ ಮುದ್ರಿಸಬೇಕೆನ್ನುತ್ತದೆ. ಒಳ್ಳೆಯ ಮಾತು. ಆದರೆ ಎಣ್ಣೆಯ ಹೆಸರು ಮೊದಲೇ ಕನ್ನಡದಲ್ಲಿ ದಪ್ಪಕ್ಷರದಲ್ಲಿತ್ತಲ್ಲವೆ? ಬಳಸುವ ಕ್ರಮವನ್ನು ಅವ್ವನಿಗೆ ಹೇಳಿಕೊಡುವವರು ಯಾರು? ಕನ್ನಡದಲ್ಲಿ ಬೇಕಾದುದು ಹೆಸರಲ್ಲ, ಆ ಶೇಕಡ 80. ಮಾರುವ ಮಾತು ನಮ್ಮ ಭಾಷೆಯಲ್ಲಿ, ತಿಳಿಸುವ ಮಾತು ಇನ್ನೊಂದು ಭಾಷೆಯಲ್ಲಿ ಇರುವವರೆಗೆ ಯಾವ ನಿಯಮವೂ ನಮ್ಮ ಬೀದಿಯವರೆಗೆ ತಲುಪದು. ಅಪ್ಪನಂತೆ ಕನ್ನಡವನ್ನು ಕೂಡಿಸಿಕೊಂಡು ಓದಬಲ್ಲವರಿಗಾದರೂ ಅದರಿಂದ ಪ್ರಯೋಜನವಾಗುತ್ತಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ತಾಳೆ ಎಣ್ಣೆ ವಿಷವಲ್ಲ. ಲೋಕದ ಕೋಟ್ಯಂತರ ಜನ ಅದನ್ನು ತಿನ್ನುತ್ತಾರೆ, ನಮ್ಮ ಮನೆಯಲ್ಲಿಯೂ ಎಂದಿನ ದಿನ ಅದೇ. ಅದನ್ನು ಅದರ ಹೆಸರಿನಿಂದ, ಅದರ ಬೆಲೆಗೆ ಮಾರಿದರೆ ಯಾರ ತಕರಾರೂ ಇಲ್ಲ. ಕಡಲೆಕಾಯಿಯ ಚಿತ್ರಕ್ಕೆ ಅವ್ವ ಕೊಟ್ಟ ಹೆಚ್ಚಿನ ದುಡ್ಡೇ ನನ್ನ ತಕರಾರು.

ಓದುಬಾರದವರೂ ಮಾಡಬಹುದಾದ ಒಂದು ಲೆಕ್ಕವನ್ನು ಪಟ್ಟಣದ ಗಾಣದವರೊಬ್ಬರು ನನಗೆ ಹೇಳಿಕೊಟ್ಟರು. ಒಂದು ಕಿಲೋ ಕಡಲೆಕಾಯಿ ಎಣ್ಣೆಗೆ ಗಾಣದಲ್ಲಿ ಸುಮಾರು ಎರಡೂವರೆ ಕಿಲೋ ಬೀಜ ಬೇಕು. ಬೀಜ ಕಿಲೋಗೆ 120 ರೂಪಾಯಿ ಎಂದಿಟ್ಟುಕೊಳ್ಳಿ. ಬೀಜಕ್ಕೇ 300 ಆಯಿತು. ಉಳಿಯುವ ಸುಮಾರು ಒಂದೂವರೆ ಕಿಲೋ ಹಿಂಡಿಯನ್ನು ಕಿಲೋಗೆ 40ರಂತೆ ಮಾರಿದರೆ 60 ಬಂದೀತು. ಕೂಲಿ, ಕರೆಂಟು, ಲಾಭ ಸೇರಿಸುವ ಮೊದಲೇ 240. ಹೀಗಿರುವಾಗ ಕಿಲೋಗೆ ನೂರೈವತ್ತರಲ್ಲಿ ಕಡಲೆಕಾಯಿ ಎಣ್ಣೆ ಕೊಡುವವನು ಧರ್ಮರಾಯನೇ ಆಗಿರಬೇಕು. "ಕೊಂಡ್ಕೊಳೋರು ಬೀಜದ ಬೆಲೆ ಕೇಳ್ಕೊಂಡು ಬಂದ್ರೆ ಸಾಕವ್ವ, ಪ್ಯಾಕೆಟ್ಟು ಓದೋದೇ ಬ್ಯಾಡ" ಎಂದರು ಅವರು. 'ಮರದ ಗಾಣದ ಎಣ್ಣೆ' ಎಂಬ ಹಣೆಪಟ್ಟಿಗಳಿಗೂ ಈ ಲೆಕ್ಕ ಅನ್ವಯಿಸುತ್ತದೆಂಬುದನ್ನು ನಾನು ಸೇರಿಸುತ್ತೇನೆ. ಗಾಣದ ಚಿತ್ರವೂ ಚಿತ್ರವೇ.

ದೂರು ಕೊಡುವ ದಾರಿಯೂ ಇದೆ. ಪ್ರತಿಯೊಂದು ಪೊಟ್ಟಣದ ಮೇಲೂ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದ 52ನೆಯ ಪ್ರಕರಣದಂತೆ ತಪ್ಪು ಹಣೆಪಟ್ಟಿಯ ಆಹಾರಕ್ಕೆ 3 ಲಕ್ಷ ರೂಪಾಯಿವರೆಗೆ, 53ನೆಯ ಪ್ರಕರಣದಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ವಿಧಿಸಬಹುದು. ನಾನೂ ಒಂದು ಅರ್ಜಿ ಬರೆದು ಕಳುಹಿಸಿದ್ದೇನೆ. ಕನ್ನಡದಲ್ಲಿಯೇ ಬರೆದೆ. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವವರೆಗೆ ಉತ್ತರ ಬಂದಿಲ್ಲ.

ಪಿತೃಪಕ್ಷದಲ್ಲಿ ಉಳಿದಿದ್ದ ಆ ಎಣ್ಣೆ ಡಬ್ಬಿಯಲ್ಲಿ ಹಾಗೆಯೇ ಇತ್ತು. ಮಾಗಿಯ ಚಳಿ ಬಿದ್ದ ಒಂದು ಮುಂಜಾನೆ ಅವ್ವ ನನ್ನನ್ನು ಕೂಗಿ ತೋರಿಸಿದಳು. ಎಣ್ಣೆ ಮಂಜುಕಟ್ಟಿತ್ತು. ಪಾಮೋಲಿನ್ ಕಡಲೆಕಾಯಿ ಎಣ್ಣೆಗಿಂತ ಬೇಗ ಚಳಿಗೆ ಹೆಪ್ಪುಗಟ್ಟುತ್ತದೆಂದು ನಾನು ವಿವರಿಸಿದೆ. ಅವಳು ಕೇಳಿಸಿಕೊಂಡು, "ಆ ಇಂಗ್ಲಿಷ್ ಹೆಸ್ರು ಹೆಂಗೈತೆ, ಬರ್ದು ತೋರ್ಸು" ಎಂದಳು. ನೋಟುಪುಸ್ತಕದ ಹಾಳೆಯಲ್ಲಿ ಪಿ, ಎ, ಎಲ್, ಎಂ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ದಪ್ಪನಾಗಿ ಬರೆದುಕೊಟ್ಟೆ. ಕಂಬ, ಗೋಪುರ, ಮೂಲೆಗೋಲು, ಬೆಟ್ಟದ ಸಾಲು ಎಂದು ಅವಳೇ ಅವುಗಳಿಗೆ ಹೆಸರಿಟ್ಟುಕೊಂಡು, ಚೀಟಿಯನ್ನು ಮಡಿಸಿ ಎಲೆಅಡಿಕೆಯ ಚೀಲದೊಳಗೆ ಇಟ್ಟುಕೊಂಡಳು. ಮುಂದಿನ ವಾರ ಅಂಗಡಿಯಲ್ಲಿ ಅವಳು ಅದನ್ನು ಪ್ಯಾಕೆಟ್ಟಿನ ಬೆನ್ನಿಗೆ ಹಿಡಿದು ಒಂದೊಂದೇ ಅಕ್ಷರವನ್ನು ಹೋಲಿಸುತ್ತಿದ್ದಾಗ ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಅದೇನೆಂದು ಕೇಳಿದರಂತೆ. ಆ ಸಂಜೆ ನಾನು ಇನ್ನೂ ಎರಡು ಚೀಟಿಗಳನ್ನು ಬರೆಯಬೇಕಾಯಿತು.